ಬಲಗಿವಿಯ ಕಚ್ಚು

ನಂದು ಸಂಶಯದ ಸ್ವಭಾವ. ಮಂದಿ ಹೇಳೂಕಿಂತ ಮೊದಲ ನಾನಾಗೇ ಹೇಳಿಬಿಡತೇನಿ. ಹಾಲಿನಂವ ಅಳದ ಹಾಕೂ ಮುಂದ ನನ್ನ ಕಣ್ಣು ಹಾಲಿನ ಮ್ಯಾಲ ಇರೂದಿಲ್ಲ, ಅವನ ಹೆಬ್ಬಟ್ಟಿನ ಮ್ಯಾಲ ಇರತೈತಿ. ಬಸ್ಸಿನ್ಯಾಗ ಬಾಜೂಕ ಕುಂತಾಕಿ ಸುಮ್ಮನ ನಕ್ಕರ ನಾ ಚೀಲ ತೊಡಿ ಮ್ಯಾಲ ಎಳಕೋತೇನಿ. ನಮ್ಮತ್ತಿ ಬದುಕಿದ್ದಾಗ, "ಇಕಿ ಕಾಸಿದ ಹಾಲಿನ್ಯಾಗೂ ಹಲ್ಲಿ ಹುಡುಕಾಕಿ" ಅಂತಿದ್ಲು. ಹುಡುಕಿದ್ರ ತಪ್ಪೇನ್ರಿ? ಹಲ್ಲಿ ಬಿದ್ದ ಹಾಲು ಕುಡದು ಸತ್ತೋರು ಅದಾರ, ಹುಡುಕಿ ಸತ್ತೋರು ಯಾರೂ ಇಲ್ಲ. ಹಿಂಗ ಅಂತ ಭಾಳ ವರ್ಷ ತಿಳಕೊಂಡಿದ್ದೆ.

ನಮ್ದು ಕರೋಶಿ ಊರ ಹೊರಗ ಹೊಲದಾಗಿನ ಮನಿ. ಒಂದ ಅಂಗಳ, ಎರಡ ಮನಿ, ಎರಡ ಕುರಿದಡ್ಡಿ. ಒಂದು ನಮ್ದು, ಇನ್ನೊಂದು ನಮ್ಮನಿಯವ್ರ ಅಣ್ಣಂದು. ಅವರ ಹೆಂಡತಿ ನನಗ ನೆಗೆಣ್ಣಿ, ನಾ ಆಕಿನ್ನ ಅಕ್ಕಾ ಅಂತೇನಿ. ಪಾಲಾಗಿ ಭಾಳ ವರ್ಷ ಆದ್ರೂ ಕುರಿ ಒಟ್ಟಿಗೇ ಮೇಯಾಕ ಹೋಗತಿದ್ದುವು: ಒಂದಿನ ಭಾವ ಒಯ್ಯತಿದ್ರು, ಒಂದಿನ ನಮ್ಮನಿಯವ್ರು. ಸಂಜೀಕ ತಿರಗಿ ಬಂದ ಮ್ಯಾಲ ಕಿವಿ ನೋಡಿ ಬ್ಯಾರೆ ಮಾಡೂದು. ಬಲಗಿವ್ಯಾಗ ಕಚ್ಚು ಇದ್ರ ನಮ್ದು, ಎಡಗಿವ್ಯಾಗ ಇದ್ರ ಅಕ್ಕಂದು.

ಈ ಕಚ್ಚು ಹಾಕೂದು ಎರಡೂ ಮನೀದೂ ಅಕ್ಕನ ಕೈಯಿಂದಾನ. ನಮ್ಮತ್ತಿ ಸಾಯೂ ಮುಂದ ಆ ಸಣ್ಣ ಚೂರಿ ಹಿರೇ ಸೊಸಿ ಕೈಯಾಗ ಇಟ್ಟು ಹೋದ್ಲು. ಮರಿ ಹುಟ್ಟಿದ ಮ್ಯಾಲ ಮೂರು ದಿನ ಅದರ ಕಿವಿ ಯಾರೂ ಮುಟ್ಟೂದಿಲ್ಲ. ಮೂರು ದಿನ ಮರಿ ತಾಯೀದು, ನಾಲ್ಕನೇ ದಿನ ಮನೀದು ಅನ್ನೂದು ನಮ್ಮ ಮಂದಿ ಮಾತು. ನಾಲ್ಕನೇ ದಿನ ಅಕ್ಕ ಮರಿನ್ನ ತೊಡಿ ಮ್ಯಾಲ ಹಾಕ್ಕೊಂಡು, "ಅಳಬ್ಯಾಡ ನನ ಬಂಗಾರ" ಅಂತ ಮಾತಾಡಿಸ್ಕೋತ, ಅದಕ್ಕ ತಿಳಿಯೂದ್ರಾಗ ಕತ್ತರಿಸಿ ಅರಿಷಿಣ ಎಣ್ಣಿ ಹಚ್ಚಿಬಿಡತಿದ್ಲು. ನಾ ಬಾಜೂಕ ನಿಂತು ನೋಡತಿದ್ದೆ, ನಮ್ಮ ಮರಿದು ಯಾವ ಕಿವಿ ಹಿಡದಾಳ ಅಂತ. ಅಕ್ಕಗ ಅದು ಗೊತ್ತಿತ್ತು, ಬಗ್ಗಿದಲ್ಲೇ ನಗತಿದ್ಲು. ನನ್ನ ಹೆರಿಗಿ ಹೊತ್ತಿನ್ಯಾಗ ಆಂಬುಲೆನ್ಸ್ ಬರೂದ್ರಾಗ ನನ್ನ ಮಗಳ ಹೊಕ್ಕಳಬಳ್ಳಿ ಕತ್ತರಿಸಿದಾಕಿನೂ ಆಕಿನ. ಅಂಥಾಕಿ ಕೈ ಮ್ಯಾಲ ನನ್ನ ಕಾವಲು!

ಇಂಥಾ ಮನಿಗಿ ಆ ಟಗರು ಬಂತು. ಏಕಸಂಬಿ ಕಡೆ ಒಬ್ಬ ಕುರಿ ಸಾಕೂ ಮನುಷ್ಯಾನ ಹತ್ರ ಮಿಶ್ರ ತಳಿ ಟಗರು ಐತಂತ, ಅವಳಿ ಮರಿ ಬರತಾವಂತ ಅಂತ ನಮ್ಮನಿಯವ್ರು ಯಾರ ಬಾಯಾಗೋ ಕೇಳಿ ಬಂದ್ರು. "ನಾನೂ ಬರತೇನಿ" ಅಂತ ಹೊಂಟು ನಿಂತೆ. ಅಲ್ಲಿ ನೋಡಿದ್ರ ಎಪ್ಪಾ, ಕೆಂಚ ಬಣ್ಣ, ಕೋಡಿಲ್ಲ, ಗಿಡ್ಡ ಕಾಲು. ನಮ್ಮ ದಖನಿ ಕರಿ ಟಗರಿನ ಮುಂದ ನಿಲ್ಲಿಸಿದ್ರ ಅದರ ಮರಿ ಇದ್ದಂಗ ಕಾಣಬೇಕು. ಮಾರಾಂವ ಮರಾಠಿಯೊಳಗ, "ಹ್ಯೇಚ್ಯಾ ಪೋರಿ ಜುಳಿ ದೇತ್ಯಾತ, ವೈನಿ" ಅಂದ. ಜುಳಿ ಅಂದ್ರ ಅವಳಿ. ನನ್ನ ಕಿವಿಗಿ ಆ ಒಂದು ಶಬ್ದ ಬಿದ್ದದ್ದ ತಡ, ಉಳಿದದ್ದು ಕೇಳಲೇ ಇಲ್ಲ. "ಜುಳಿನೂ ಇಲ್ಲ ಗಿಳಿನೂ ಇಲ್ಲ, ಇಂವ ಟೋಪಿ ಹಾಕಾಕತ್ತಾನ" ಅಂತ ನಮ್ಮನಿಯವ್ರ ಅಂಗಿ ಜಗ್ಗಿದೆ. ಅವರು ಕೇಳಬೇಕಲ್ಲ. ಟಗರು ನಮ್ಮ ಜೋಡಿನ ಟೆಂಪೋ ಏರಿತು.

ನಾ ಹಂಗ ಅನ್ನಾಕೂ ಕಾರಣ ಇತ್ತು. ನಮ್ಮ ಕರಿ ಕುರಿ ಒಂದಕ್ಕ ಒಂದ ಮರಿ ಹಾಕೂವು. ನನ್ನ ತವರು ಅಥಣಿ ಕಡೆ, ಅಲ್ಲಿಯೂ ಹಂಗ. ನಮ್ಮವ್ವ ಒಂದು ಮಾತು ಹೇಳತಿದ್ಲು: "ಒಬ್ಬರ ಕುರಿ ಹಿಂದ ಎರಡು ಮರಿ ಕಂಡ್ರ, ಇನ್ನೊಬ್ಬರ ದಡ್ಡ್ಯಾಗ ಒಂದು ಕುರಿ ಒದರಾಕತ್ತಿರತೈತಿ ಅಂತ ತಿಳಕೋ." ಈ ಮಾತು ನಾ ಲಗ್ನದಾಗ ಅವ್ವ ಕೊಟ್ಟ ಬಳುವಳಿ ಕುರಿ ಜೋಡಿನ ಗಂಟು ಕಟಗೊಂಡು ಬಂದಿದ್ದೆ.

ಮುಂದ ಐದು ತಿಂಗಳಿಗಿ ಕುರಿ ಈಯಾಕ ಹತ್ತಿದುವು. ಒಂದಾದ ಮ್ಯಾಲ ಒಂದು ಈದುವು, ಎಲ್ಲಾ ಒಂದೊಂದ ಮರಿ. ಒಂದರೆ ಜೋಡಿ ಹಾಕಬೇಕ ಬ್ಯಾಡ? ಮ್ಯಾಲ ಮರಿನೂ ಸಣ್ಣಸಣ್ಣವು, ನಮ್ಮ ಕರಿ ಮರಿಗಿಂತ ಹಗುರ. ನನಗ ಸಿಟ್ಟೂ ಬಂತು, ಖರೆ ಹೇಳಬೇಕಂದ್ರ ಒಳಗ ಒಂದೀಟು ಖುಷಿನೂ ಆತು. ನನ್ನ ಮಾತು ಖರೆ ಆತಲ್ಲ! "ಏನ್ರಿ, ಜುಳಿ ಎಲ್ಲಿ ಹ್ವಾದುವು? ಗಿಳಿ ಆಗಿ ಹಾರಿದುವೇನು?" ಅಂತ ದಿನಾ ರೊಟ್ಟಿ ಬಡಿಯೂ ಮುಂದ ಕೇಳತಿದ್ದೆ. ಅವರು ತಲಿ ಎತ್ತದ ಉಂಡು ಏಳತಿದ್ರು.

ಆಗ ಕುರಿ ನೋಡೂ ಡಾಕ್ಟರ್ ಹೆಣ್ಣಮಗಳು, ಬಾಯಿ ಅಂತಿದ್ವಿ ನಾವು, ನಮ್ಮ ಕಡೆ ಬರತಿದ್ರು. ಬೇವಿನ ಟೊಂಗಿಗಿ ತೂಗುಕಾಟಾ ಜೋತು ಬಿಟ್ಟು, ಹುಟ್ಟಿದ ಮರಿನ್ನ ಅರಿವ್ಯಾಗ ಹಾಕಿ ತೂಗಿ, ತಾಯಿ ಯಾವುದು, ತಂದಿ ಯಾವುದು, ಹುಟ್ಟಿದಾಗ ತೂಕೆಷ್ಟು, ಮೂರು ತಿಂಗಳಿಗಿ ಎಷ್ಟು ಅಂತ ಒಂದು ವಹಿಯೊಳಗ ಬರಕೋತಿದ್ರು. ನನಗದು ಬಿಲ್ಕುಲ್ ಸೇರತಿರಲಿಲ್ಲ. ಜೀವಂತ ಕುರಿನ್ನ ತೂಗೂದು ಕುರಿ ಕಡಿಯೂ ಖಾಟಿಕ ಒಬ್ಬನ, ಸಾಕೂ ಮರಿನ್ನ ತಕ್ಕಡಿಗಿ ಏರಿಸಬಾರದು.

"ಈ ಲೆಕ್ಕ ಯಾರಿಗಿ ಹೋಗತೈತ್ರಿ?" ಅಂತ ಕೇಳಿದೆ.

"ಎಲ್ಲಿಯೂ ಹೋಗೂದಿಲ್ಲ ಬಾಯಾರ. ನಿಮಗ ತಿಳೀಲಿ ಅಂತ."

"ನನಗ ತಿಳೀಲಿ ಅಂತ ಇಷ್ಟು ದೂರ ಪೆಟ್ರೋಲ್ ಸುಟಗೊಂಡು ಬರೋರು ಯಾರದಾರ್ರಿ ಈ ಕಾಲದಾಗ?"

ಬಾಯಿ ನಕ್ಕು ಬಿಟ್ರು. ಆಮ್ಯಾಲ ಸಮಾಧಾನಲೇ ಹೇಳಿದ್ರು: ಒಂದು ಈಯೂದು ಎರಡು ಈಯೂದು ತಾಯಿ ಹೊಟ್ಟೀಗಿ ಸೇರಿದ್ದು. ನಿಮ್ಮ ಕರಿ ಕುರಿಗಿ ಆ ಗುಣ ಇಲ್ಲ, ಟಗರಿಗಿ ಐತಿ. ಟಗರಿಂದ ಅದು ಅದರ ಹೆಣ್ಣುಮರಿಗಿ ಇಳದಿರತೈತಿ. ಆ ಹೆಣ್ಣುಮರಿ ದೊಡ್ಡವಾಗಿ ಈಯಲಿ, ಆಗ ನೋಡ್ರಿ.

"ನೂಲಿನಂತೆ ಸೀರಿ, ತಾಯಿಯಂತೆ ಮಗಳು ಅಂತ ಕೇಳೇನಿ. ತಂದಿ ಬಸರಿನ ಗುಣ ಮಗಳಿಗಿ ಬರೂದು ಇವತ್ತ ಕೇಳಿದೆ" ಅಂದೆ. ಈಗ ಬ್ಯಾಡ, ಮುಂದ ನೋಡ್ರಿ ಅನ್ನೂದು ಮಾರೋರ ಮಾತು. ಬೀಜ ಮಾರಾಂವ ಅಂತಾನ, ಓಟು ಕೇಳಾಂವ ಅಂತಾನ. ಈ ಬಾಯಿಗೂ ಏಕಸಂಬಿ ಮನುಷ್ಯಾಗೂ ಏನರೆ ನಂಟು ಇರಬೇಕು ಅಂತ ಲೆಕ್ಕ ಹಾಕಿದೆ.

ನಾ ಹಟ ಹಿಡದ ಮ್ಯಾಲ ಟಗರು ನಿಪ್ಪಾಣಿ ಖಾಟಿಕನ ಪಾಲಾತು. ಅದರ ಮರಿನೂ ಮೂರು ತಿಂಗಳಾದ ಮ್ಯಾಲ ಹ್ವಾದುವು. ಎರಡು ಹೆಣ್ಣುಮರಿ ಅಷ್ಟ ಉಳದುವು. ಒಂದನ್ನ ಕೊಳ್ಳೋರ ಸಿಗಲಿಲ್ಲ, ದಡ್ಡಿ ಮೂಲ್ಯಾಗ ಬಿದ್ದಿತ್ತು. ಇನ್ನೊಂದರ ತಾಯಿಗಿ ಹಾಲಿರಲಿಲ್ಲ, ಅಕ್ಕ ಅದನ್ನ ಬಾಟ್ಲಿ ಹಾಲು ಕುಡಿಸಿ ಬದುಕಿಸಿದ್ಲು. "ಇದನ್ನ ನನಗ ಕೊಡಬೇ, ಮಾರಬ್ಯಾಡ" ಅಂದ್ಲು. "ಒಯ್ಯಿ, ಕೋಡಿಲ್ಲ ಕೂದಲಿಲ್ಲ, ನೀನ ಮುದ್ದು ಮಾಡ" ಅಂದೆ. ಇದು ಮರಿ ಹುಟ್ಟಿದ ಮೂರನೇ ದಿನದ ಮಾತು, ಕಿವಿ ಇನ್ನೂ ಇಡೀ ಇತ್ತು. ಅಕ್ಕ ಎಡಗಿವಿಗಿ ಕಚ್ಚು ಹಾಕಿ, ಅದಕ್ಕ ಕೆಂದಿ ಅಂತ ಹೆಸರಿಟ್ಲು.

ಎರಡು ವರ್ಷದ ಹತ್ರ ಆಗಿರಬೇಕು. ಕೆಂದಿ ಗಬ್ಬಾತು, ಅಕ್ಕನ ಕರಿ ಟಗರಿಗಿ. ಅದ ಹೊತ್ತಿನ್ಯಾಗ ನನ್ನ ಬಳುವಳಿ ತಳಿಯೊಳಗ ಉಳದ ಒಂದ ಒಂದು ಕರಿ ಕುರಿನೂ ಗಬ್ಬಿತ್ತು. ಅವ್ವ ಸತ್ತ ಮ್ಯಾಲ ಆಕಿ ಕೈಯಿಂದ ಬಂದದ್ದು ಅಂತ ನನ್ನ ಹತ್ರ ಇದ್ದದ್ದು ಅದೊಂದ. ಈ ಸಲ ಹೆಣ್ಣುಮರಿ ಹಾಕಲಿ, ತಳಿ ಉಳೀಲಿ ಅಂತ ದಿನಾ ಅದರ ಹೊಟ್ಟಿ ಮುಟ್ಟಿ ನೋಡತಿದ್ದೆ.

ಅವತ್ತು ಚಿಕ್ಕೋಡಿಗಿ ಬ್ಯಾಂಕಿನ ಕೆಲಸಕ್ಕ ಹೋಗಿದ್ದೆ. ಕುರಿ ಕಾಯೂ ಪಾಳಿ ಭಾವಂದು. ಸಂಜಿ ಬಸ್ಸಿಗಿ ಇಳದು ಬರೂದಕ್ಕೂ ಕುರಿ ಹಿಂಡು ಅಂಗಳಕ್ಕ ಬರೂದಕ್ಕೂ ಸರೀ ಆತು. ನನ್ನ ಕರಿ ಕುರಿ ಒದರಕೋತ ಬಂತು. ಹೊಟ್ಟಿ ಇಳದಿತ್ತು, ಬಾಲದಾಗ ರಕ್ತ ಇತ್ತು, ಹಿಂದ ಮರಿ ಇರಲಿಲ್ಲ. ಅಕ್ಕನ ದಡ್ಡ್ಯಾಗ ಹಣಿಕಿ ಹಾಕಿದೆ. ಅವತ್ತು ಮೇಯಾಕ ಹೋಗದ ಮನ್ಯಾಗ ಉಳದಿದ್ದ ಕೆಂದಿ ಈದಿತ್ತು. ಅದರ ಮುಂದ ಎರಡು ಮರಿ: ಒಂದು ಕೆಂಚ, ಇನ್ನೊಂದು ಕರ್ರಗ ಕಾಡಿಗಿಯಂಗ.

ತಿರಗಿ ನೋಡಿದೆ. ಭಾವನ ಕಂಬಳಿ ಬೇಲಿ ಮ್ಯಾಲ ಒಣಾಕ ಹಾಕಿತ್ತು, ನಡುವ ಹಸಿ ಕಲಿ. ಅಡವ್ಯಾಗ ಹುಟ್ಟಿದ ಮರಿನ್ನ ಕಂಬಳ್ಯಾಗ ಸುತ್ತಿ ತರೂದು ನಮ್ಮ ಪದ್ಧತಿ. ಭಾವ ನನ್ನ ಮಾರಿ ನೋಡದ ತೊಟ್ಟಿ ಮುಂದ ಕೈ ತೊಳಕೊಳ್ಳಾಕತ್ತಿದ್ರು. ಇನ್ನ ಎಷ್ಟು ಸಾಕ್ಷಿ ಬೇಕ್ರಿ?

"ಅಕ್ಕಾ, ನನ್ನ ಮರಿ ಕೊಡ."

"ಯಾವ ಮರಿ ಬೇ?"

"ಕರೀದು."

ಅಕ್ಕ ನಾ ಚಾಷ್ಟಿ ಮಾಡಾಕತ್ತೇನಿ ಅಂತ ತಿಳದು ನಕ್ಕಳು. "ಎರಡೂ ನನ್ನ ಕೆಂದಿ ಹಡದದ್ದು. ಮೊದಲ ಕೆಂಚ, ಅರ್ಧ ತಾಸು ಬಿಟ್ಟು ಕರೀದು. ನಾನ ಬಾಯಿ ಒರಸೇನಿ, ನೋಡಿಲ್ಲಿ ನನ್ನ ಕೈ."

ಆಗ ಭಾವ ಹತ್ರ ಬಂದ್ರು. "ನಿನ್ನ ಕುರೀದು ಸತ್ತ ಹುಟ್ಟಿತವಾ. ಕಂಬಳ್ಯಾಗ ಸುತ್ತಿ ಭಾಳ ತಿಕ್ಕಿದೆ, ಉಸರು ಬರಲಿಲ್ಲ. ಕಬ್ಬಿನ ಬದುವಿನ್ಯಾಗ ಹೂತು ಬಂದೆ. ನಿನಗ ಹೆಂಗ ಹೇಳೂದು ಅಂತ ತಿಳೀಲಿಲ್ಲ."

"ತೋರಿಸ್ರಿ" ಅಂದೆ. ಇನ್ನೂ ಬೆಳಕಿತ್ತು, ಹೋದ್ವಿ. ಬದುವಿನ್ಯಾಗ ಒಂದು ತಗ್ಗು, ಸುತ್ತ ನಾಯಿ ಕೆದರಿದ ಮಣ್ಣು. ಮರಿ ಇರಲಿಲ್ಲ. ತಗ್ಗು ಯಾರು ಬೇಕಾದ್ರೂ ತೋಡಬಹುದು. ನಾಯಿ ಮ್ಯಾಲ ಹಾಕಿದ್ರ ನಾಯಿ ಬಂದು ಸಾಕ್ಷಿ ಹೇಳತೈತೇನು?

ತಿರಗಿ ಬಂದು ಅಂಗಳದಾಗ ನಿಂತು ಅಂದೆ: "ಕುರಿ ಎರಡು ಹಡದದ್ದು ನಾ ಎಲ್ಲಿಯೂ ಕಂಡಿಲ್ಲ, ಕಳ್ಳರ ಮನ್ಯಾಗ ಬಿಟ್ರ."

ನಮ್ಮನಿಯವ್ರು "ಸುಮ್ಮಿರಬೇ!" ಅಂತ ಒದರಿದ್ರು. ಆದ್ರ ಮಾತು ಬಾಯಿ ಬಿಟ್ಟು ಹೋಗಿತ್ತು. ಅಕ್ಕನ ಮಾರಿ ಮ್ಯಾಲಿನ ನಗಿ ಅಲ್ಲೇ ಒಣಗಿತು. ನಾ ದಡ್ಡ್ಯಾಗ ನುಗ್ಗಿ ಕರಿ ಮರಿನ್ನ ಬಾಚಿ ಎತಗೊಂಡೆ. ಆಕಿ ಅಡ್ಡ ಬರಲಿಲ್ಲ.

"ಒಯ್ಯಿ. ಒಯ್ದು ಮೊಲಿಗಿ ಹಚ್ಚು. ಕುರಿ ಸುಳ್ಳು ಹೇಳೂದಿಲ್ಲ" ಅಂದ್ಲು.

ನನ್ನ ಕರಿ ಕುರಿ ಆ ಮರಿನ್ನ ಮೂಸಿ ನೋಡಿತು, ತಲೀಲೇ ಗುದ್ದಿ ಕೆಡವಿತು. ಮತ್ತ ಹಚ್ಚಿದೆ, ಒದೀತು. ಅದಕ್ಕೂ ನನ್ನ ಹತ್ರ ಉತ್ತರ ಇತ್ತು ನೋಡ್ರಿ: ಅಕ್ಕ ತನ್ನ ಕುರಿ ಮಾಸು ಈ ಮರಿಗಿ ಒರಸ್ಯಾಳ, ಅದಕ್ಕ ನನ್ನ ಕುರಿಗಿ ಗುರುತು ಹತ್ತವಲ್ದು. ಕುರಿ ಹಿಂಗಾಲು ಕಟ್ಟಿ, ಮರಿ ಬಾಯಾಗ ಮೊಲಿ ಇಟ್ಟು, ಒತ್ತಿ ಹಿಡದು ಕುಡಿಸಿದೆ. ದಿನಾ ಮೂರು ಹೊತ್ತು ಅದ ಕೆಲಸ. ಬೇಲಿ ಆಚೆ ಕೆಂದಿ ಒಂದ ಸವನ ಒದರತಿತ್ತು. ಕುರಿಗಿ ಏನು ತಿಳೀತೈತಿ, ಒದರಲಿ ಅಂದೆ.

ಎರಡನೇ ದಿನಾನ ಬ್ಲೇಡ್ ತಗೊಂಡು ಕುಂತೆ. ನಾಲ್ಕನೇ ದಿನದ ತನಕ ತಡದ್ರ ಮರಿ ಬೇಲಿ ನುಸುಳಿ ಆ ಕಡೆ ಹೋದೀತು, ಅಕ್ಕ ಎಡಗಿವಿ ಕತ್ತರಿಸ್ಯಾಳು ಅನ್ನೂ ಹೆದರಿಕಿ. ನನ್ನ ಕೈಗಿ ರೂಢಿ ಇಲ್ಲ. ಮರಿ ಚೀರಿತು, ಕಚ್ಚು ವಾರೆ ಆತು, ಕಿವಿ ಅರ್ಧ ಸೀಳಿತು. ಅಕ್ಕ ಮರಿಗಿ ಹೇಳತಿದ್ದ ಅಳಬ್ಯಾಡ ಅನ್ನೂ ಮಾತು ನನ್ನ ಬಾಯಿಗಿ ಬರಲಿಲ್ಲ, ಬಂಗಾರ ಅನ್ನೂದೂ ಬರಲಿಲ್ಲ. ರಕ್ತಕ್ಕ ಅರಿಷಿಣ ಒತ್ತಿ, "ಇನ್ನ ನೀ ನಂದು" ಅಂದೆ. ಅವತ್ತಿಂದ ಹಿಂಡು ಬ್ಯಾರೆ ಬ್ಯಾರೆ ಮೇಯಾಕ ಹ್ವಾದುವು, ಅಂಗಳದ ನಡುವ ಮುಳ್ಳಬೇಲಿ ಬಂತು, ದಾಟಾಕ ಒಂದು ಕಿಂಡಿ ಅಷ್ಟ.

ಹದಿನೈದು ದಿನ ಕಳದಿರಬೇಕು. ಮಧ್ಯಾಹ್ನ, ಬಿಸಲು ನೆತ್ತಿ ಮ್ಯಾಲ. ಮನ್ಯಾಗ ನಾ ಒಬ್ಬಾಕಿನ. ಮೂಲ್ಯಾಗ ಬಿದ್ದಿತ್ತು ಅಂದೆನಲ್ಲ, ಆ ಟಗರಿನ ಇನ್ನೊಂದು ಮಗಳು, ಅದಕ್ಕ ಬ್ಯಾನಿ ಬಂತು. ಒಂದು ಮರಿ ಹಾಕಿತು, ಕೆಂಚ. ನೆಕ್ಕಾಕತ್ತಿತು. ಮುಗೀತು ಅಂತ ಬೆಲ್ಲದ ನೀರು ತರಾಕ ಒಳಗ ಹೋದೆ. ಬಂದು ನೋಡಿದ್ರ ಮತ್ತ ಮಲಗಿ ತಿಣಕಾಕತ್ತೈತಿ. ಮಾಸು ಬೀಳತೈತಿ ಅಂತ ಬಗ್ಗಿದೆ. ಮಾಸಲ್ಲ. ಎರಡು ಹಳದಿ ಗೊರಸು, ಅವುಗಳ ಮ್ಯಾಲ ಒಂದು ಮೂಗು.

ಯವ್ವಾ! ಕೈ ಹಾಕಿ ಮೆಲ್ಲಕ ಜಗ್ಗಿದೆ. ಬಿಸಿಬಿಸಿ ಮರಿ ನನ್ನ ಬೊಗಸ್ಯಾಗ ಬಂದು ಬಿತ್ತು. ಕರೀದು. ದಡ್ಡ್ಯಾಗ ನಾ ಇದ್ದೆ, ಕುರಿ ಇತ್ತು, ಬ್ಯಾರೆ ನರಪಿಳ್ಳಿ ಇರಲಿಲ್ಲ. ಆದ್ರೂ ನಾ ಹಿಂದ ತಿರಗಿ ನೋಡಿದೆ, ಯಾರರೆ ತಂದು ಇಟ್ಟರೇನು ಅಂತ.

ಆಗ ಏಕಸಂಬಿ ಮನುಷ್ಯಾನ ಮಾತು ಪೂರಾ ಕಿವ್ಯಾಗ ಬಂತು. ಹ್ಯೇಚ್ಯಾ ಪೋರಿ. ಇದರ ಹೆಣ್ಣಮಕ್ಕಳು ಅವಳಿ ಹಡೀತಾವ ಅಂದಿದ್ದ ಅಂವ. ಟಗರು ಬಂದದ್ದ ತಡ ಅವಳಿ ಬರತಾವ ಅಂತ ಅಂವ ಅಂದಿರಲೇ ಇಲ್ಲ. ಚಿಕ್ಕಂದಿನಿಂದ ಮರಾಠಿ ಆಡಿಕೋತ ಬಂದಾಕಿ ನಾನು, ಅಷ್ಟು ತಿಳೀಲಿಲ್ಲಂತಲ್ಲ, ಕೇಳಿಸ್ಕೊಳ್ಳಲಿಲ್ಲ. ಅಳು ಬಂತು, ಲೋಳಿ ಹತ್ತಿದ ಕೈಲೇ ಮಾರಿ ಮುಚಗೊಂಡು ಅತ್ತೆ.

ಅತ್ತು ಎದ್ದು ವಾರೆ ಕಿವಿ ಮರಿನ್ನ ಎತಗೊಂಡು ಬೇಲಿ ಕಿಂಡಿ ದಾಟಿದೆ. ಅಕ್ಕ ಕಟ್ಟಿ ಮ್ಯಾಲ ಜ್ವಾಳ ಹಸನ ಮಾಡಾಕತ್ತಿದ್ಲು. ಮರಿನ್ನ ಕೆಂದಿ ಮುಂದ ಇಳಿಸಿದೆ. ಕೆಂದಿ ಮೂಸಿ ನೋಡಿತು. ಹದಿನೈದು ದಿನ ನನ್ನ ದಡ್ಡಿ ವಾಸನಿ ಹತ್ತಿದ ಮರಿ. ಅದೂ ಗುದ್ದಿತು.

"ತಪ್ಪಾತಕ್ಕಾ" ಅಂದೆ. "ನನ್ನ ಕುರಿನೂ ಎರಡು ಹಡದೈತಿ, ಈಗ. ನನ್ನ ಕೈಯಾಗ."

"ಚಲೋ ಆತು."

"ನಿನ್ನ ಮರಿ ತಂದೇನಿ."

ಅಕ್ಕ ಮೊರ ಬಾಜೂಕ ಇಟ್ಟು ಮರಿ ಕಿವಿ ಹಿಡದು ಆ ಸೀಳಿದ ಕಚ್ಚಿನ ಮ್ಯಾಲ ಬೆರಳು ಆಡಿಸಿದ್ಲು. "ಕಿವಿ ನಿಂದೈತಿ" ಅಂದ್ಲು. "ಬಲಗಿವಿ ಮರಿ ನನ್ನ ದಡ್ಡ್ಯಾಗ ಯಾಕ ಬಂತು ಅಂತ ನಾಳಿ ಯಾರರೆ ಕೇಳತಾರ. ಕಳ್ಳಿ ಅಂತ ಒಮ್ಮೆ ಅನಿಸ್ಕೊಂಡೇನಿ. ಸಾಕು. ಒಯ್ಯಿ."

ಹಿಂಗಾಗಿ ಅದು ನನ್ನಲ್ಲೇ ಉಳೀತು. ಕರಿ ಕುರಿ ಕಾಲು ಕಟ್ಟಿ ಕುಡಿಸೂದು ಬಿಟ್ಟು, ಬಾಟ್ಲಿ ಹಾಲು ಹಾಕಿ ಬದುಕಿಸಿದೆ. ಮೂರು ತಿಂಗಳಾದಾಗ ಡಾಕ್ಟರ್ ಬಾಯಿ ಎರಡೂ ದಡ್ಡ್ಯಾಗ ಮರಿ ತೂಗಿದ್ರು. ಕೆಂದಿ ಹತ್ರ ಬೆಳದ ಕೆಂಚ ಮರಿ ಕಾಟಾದ ಮುಳ್ಳನ್ನ ಜಗ್ಗಿ ಕೆಳಗ ಇಳಿಸಿತು, ಅದರ ಒಡಹುಟ್ಟಿದ್ದು ನನ್ನ ಕರೀದು ಅರ್ಧಕ್ಕೂ ಇಳೀಲಿಲ್ಲ. "ಒಂದ ಹೊಟ್ಟೀವು, ಇಷ್ಟು ಫರಕ್ ಯಾಕ?" ಅಂತ ಬಾಯಿ ಕೇಳಿದ್ರು. ನಾ ಮರಿನ್ನ ಅರಿವ್ಯಾಗಿಂದ ಬಿಚ್ಚಿ ಎತಗೊಂಡು ದಡ್ಡಿಗಿ ನಡದೆ. ಅದು ಹೆಣ್ಣು, ಇವತ್ತಿಗೂ ಗಿಡ್ಡನ ಐತಿ.

ಆದ್ರ ನಾ ಹೇಳಬೇಕಾದದ್ದು ನನ್ನ ದಡ್ಡ್ಯಾಗ ಆ ಜೋಡಿ ಹುಟ್ಟಿದ ನಾಲ್ಕನೇ ದಿನದ್ದು. ಮತ್ತ ಬ್ಲೇಡ್ ಹಿಡಿಯೂ ಧೈರ್ಯ ನನಗಿರಲಿಲ್ಲ. ಎರಡೂ ಮರಿನ್ನ ಉಡ್ಯಾಗ ಹಾಕ್ಕೊಂಡು ಕಿಂಡಿ ದಾಟಿ ಹೋಗಿ ಅಕ್ಕನ ಮುಂದ ಕುಂತೆ. ಆಕಿ ಎದ್ಲು. ಒಳಗ ಹೋಗಿ ಅತ್ತಿ ಚೂರಿ, ಅರಿಷಿಣ ಎಣ್ಣಿ ಬಟ್ಟಲ ತಂದ್ಲು. ಕರಿ ಮರಿನ್ನ ತೊಡಿ ಮ್ಯಾಲ ಹಾಕ್ಕೊಂಡ್ಲು.

"ಯಾವ ಕಿವಿ?" ಅಂದ್ಲು.

ಇಷ್ಟು ವರ್ಷದಾಗ ಆಕಿ ನನ್ನ ಒಮ್ಮೆಯೂ ಇದನ್ನ ಕೇಳಿರಲಿಲ್ಲ.

"ಎಡಾ ಹಾಕಕ್ಕಾ. ಅದು ನಿಂದು, ನಿನ್ನ ಮರಿ ಬದಲಿ. ಹಾಲು ಬಿಡೂ ತನಕ ನಾ ಸಾಕತೇನಿ, ಆಮ್ಯಾಲ ನಿನ್ನ ದಡ್ಡಿಗಿ ತಂದು ಬಿಡತೇನಿ."

ಅಕ್ಕ ಅದರ ಬಲಗಿವಿ ಹಿಡದ್ಲು.

"ಅಕ್ಕಾ, ಎಡಾ ಅಂದೆ."

"ಕೇಳಿಸ್ತು."

"ಅಳಬ್ಯಾಡ ನನ ಬಂಗಾರ" ಅಂತ ಮರಿಗಿ ಹೇಳಿಕೋತ ಬಲಗಿವಿಗಿ ಕಚ್ಚು ಹಾಕಿದ್ಲು. ಕೆಂಚ ಮರಿಗೂ ಬಲಗಿವಿನ. ಎರಡೂ ನೇರ, ಸಣ್ಣವು, ಒಂದು ಹನಿ ರಕ್ತ ಹೆಚ್ಚು ಬರಲಿಲ್ಲ. ನಾ ಅವತ್ತ ಮೊದಲನೇ ಸಲ ಕಿವಿ ನೋಡಲಿಲ್ಲ, ಆಕಿ ಮಾರಿ ನೋಡಾಕತ್ತಿದ್ದೆ. ಆಕಿ ನಗಲಿಲ್ಲ. ಎಣ್ಣಿ ಹಚ್ಚಿ, ಒಂದೊಂದ ಎತ್ತಿ ನನ್ನ ಉಡ್ಯಾಗ ಇಟ್ಲು.

"ಎರಡದಾವ. ಎಣಿಸ್ಕೊಂಡು ಹೋಗ" ಅಂದ್ಲು.

ಎಣಿಸೂದಿಲ್ಲ, ಸತ್ತರೂ ಎಣಿಸೂದಿಲ್ಲ ಅಂತ ಹಲ್ಲು ಕಚ್ಚಿ ತಲಿ ಎತ್ತಿ ನಡದೆ. ಬೇಲಿ ದಾಟಿದ್ದ ತಡ ನನ್ನ ಹಾಳು ಕಣ್ಣು ತಾವಾಗೇ ಉಡಿಗಿ ಇಳದುವು. ಎರಡೂ ಇದ್ದುವು.